ಮಾದರಿಗೆ ಬಾರದ ಅರ್ಧ ಸೆಕೆಂಡು

"ಏನ್ ಕೆಲ್ಸ ಮಾಡ್ತೀರಾ ಮೇಡಂ?" ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಬರುವುದು ಸಿಟ್ಟು. ಕೇಳಿದವರ ಮೇಲಲ್ಲ, ನನ್ನ ಉತ್ತರದ ಮೇಲೆ. ಇಪ್ಪತ್ತೆರಡು ವರ್ಷ ಒಂದೇ ಕೆಲಸ ಮಾಡಿಯೂ ಅದನ್ನು ಒಂದು ವಾಕ್ಯದಲ್ಲಿ ಹೇಳಲು ಬರುವುದಿಲ್ಲ ಎಂದರೆ ಎಂಥ ಕರ್ಮ ನೋಡಿ! ಬ್ರೂಕ್‌ಫೀಲ್ಡ್‌ನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ "ಸಾಫ್ಟ್‌ವೇರ್" ಎಂದು ಹೇಳಿ ಬಾಯಿ ಮುಚ್ಚಿಕೊಳ್ಳುತ್ತೇನೆ. ಅಲ್ಲಿ ಎಲ್ಲರೂ ಸಾಫ್ಟ್‌ವೇರೇ ಆದ್ದರಿಂದ ಮುಂದಿನ ಪ್ರಶ್ನೆ ಬರುವುದಿಲ್ಲ.

ನನ್ನ ಅತ್ತಿಗೆ ಮಾತ್ರ ಬಿಡಲಿಲ್ಲ. ಅವಳಿಗೆ ಒಮ್ಮೆ ಹೀಗೆ ಹೇಳಿದೆ. ಮನೆ ಕಟ್ಟಲು ನಕ್ಷೆ ಬರೆಸುತ್ತೇವಲ್ಲ, ಆ ನಕ್ಷೆಯನ್ನು ಬಾಯಿಗಿಟ್ಟರೆ ಮನೆಯನ್ನೇ ಕಟ್ಟಿಕೊಡುವ ಯಂತ್ರ ಒಂದಿದೆ ಎಂದುಕೋ. ಕಿಟಕಿ ಬೇಕಾದರೆ ನಕ್ಷೆಯಲ್ಲಿ ಬರೆಯಬೇಕು. ಯಂತ್ರ ಹಳೆಯ ಮನೆ ಕೆಡವಿ, ಕಿಟಕಿ ಇರುವ ಹೊಸ ಮನೆ ಎಬ್ಬಿಸುತ್ತದೆ. ಹಾಗಲ್ಲದೆ ಮೇಸ್ತ್ರಿ ತಾನೇ ಗೋಡೆ ಒಡೆದು ಕಿಟಕಿ ಇಟ್ಟನೋ, ಮುಂದಿನ ಸಲ ಮನೆ ಏಳುವಾಗ ಆ ಕಿಟಕಿ ಇರುವುದಿಲ್ಲ. ನಕ್ಷೆಗೆ ಅದರ ಸುದ್ದಿಯೇ ಗೊತ್ತಿಲ್ಲವಲ್ಲ! ನಾನು ಆ ಯಂತ್ರ ತಯಾರಿಸುವವಳು. ಮನೆಯ ಬದಲು ಪ್ರೋಗ್ರಾಮು, ನಕ್ಷೆಯ ಬದಲು ಚೌಕ ಮತ್ತು ಬಾಣಗಳ ಚಿತ್ರ. ಆ ಚಿತ್ರಕ್ಕೆ ನಾವು ಮಾದರಿ ಎನ್ನುತ್ತೇವೆ. ಚಿತ್ರವನ್ನು ಓದಿ ಕೋಡ್ ಬರೆಯುವ ನನ್ನ ಯಂತ್ರಕ್ಕೆ ಜನರೇಟರ್ ಎನ್ನುತ್ತೇವೆ. ಅತ್ತಿಗೆ ಎಲ್ಲ ಕೇಳಿಸಿಕೊಂಡು, "ಸರಿ, ಆದ್ರೆ ಮೇಸ್ತ್ರಿ ಯಾಕೆ ಸುಮ್ನಿರ್ತಾನೆ?" ಎಂದಳು. ನನಗೆ ನಗು ಬಂತು.

ಮೇಸ್ತ್ರಿಗಳು ಎಲ್ಲಿ ಸುಮ್ಮನಿರುತ್ತಾರೆ! ವೈಟ್‌ಫೀಲ್ಡ್‌ನಲ್ಲಿರುವ ನಮ್ಮ ಕಂಪನಿ ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪ್ರೋಗ್ರಾಮು ಮಾಡಿಕೊಡುತ್ತದೆ. ಜನರೇಟರ್ ಬರೆದ ಪ್ರತಿಯೊಂದು ಫೈಲಿನ ನೆತ್ತಿಯ ಮೇಲೆ, ಇದನ್ನು ಕೈಯಿಂದ ತಿದ್ದಬೇಡಿ, ಚಿತ್ರವನ್ನು ತಿದ್ದಿ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದರ ಕೆಳಗೇ ಕೂತು ತಿದ್ದುತ್ತಿದ್ದರು ಮಹಾಶಯರು! "ಒಂದೇ ಒಂದ್ ಲೈನ್ ಮೇಡಂ." "ಅರ್ಜೆಂಟ್ ಇತ್ತು ಮೇಡಂ." "ಆಮೇಲೆ ಚಿತ್ರದಲ್ಲೂ ಹಾಕ್ಬಿಡ್ತೀನಿ ಮೇಡಂ." ಆ ಆಮೇಲೆ ಎಂಬುದು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಬರಲಿಲ್ಲ. ನಾನು ಚಿತ್ರದಿಂದ ಮತ್ತೆ ಕೋಡ್ ತೆಗೆದಾಗ ಅವರು ಕೈಯಾರೆ ಸೇರಿಸಿದ್ದು ಮಾಯವಾಗುತ್ತಿತ್ತು. ಆಗ ನನ್ನ ಮೇಜಿನ ಬಳಿ ಬಂದು, "ನಿಮ್ ಟೂಲ್ ನನ್ ಕೋಡ್ ತಿಂದ್ಬಿಡ್ತು" ಎಂದು ನನಗೇ ಜೋರು ಮಾಡುತ್ತಿದ್ದರು. ಮೈಯೆಲ್ಲ ಉರಿದುಹೋಗುತ್ತಿತ್ತು.

ಕೊನೆಗೆ ನಾನೇ ಒಂದು ಪದ್ಧತಿ ಮಾಡಿದೆ. ಯಾರು ಫೈಲಿಗೆ ಕೈ ಹಾಕಿದರೋ ಅವರು ಹೂಡಿಯ ಬೇಕರಿಯಿಂದ ಇಡೀ ತಂಡಕ್ಕೆ ಮೈಸೂರುಪಾಕು, ಖಾರಾಬೂಂದಿ ತರಬೇಕು. ಮಿಕ್ಕವರು ತಿನ್ನುವಾಗ ಅವರು ಬೋರ್ಡಿನ ಮುಂದೆ ನಿಂತು, ಏನು ತಿದ್ದಿದೆ, ಯಾಕೆ ತಿದ್ದಿದೆ ಎಂದು ಹೇಳಿ ನನ್ನಿಂದ ಬೈಸಿಕೊಳ್ಳಬೇಕು. ತಂಡದವರು ಅದಕ್ಕೆ ತಪ್ಪುಕಾಣಿಕೆ ಎಂದು ಹೆಸರಿಟ್ಟರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನನ್ನ ನಾಲಗೆ ಸ್ವಲ್ಪ ಉದ್ದ ಎಂದು ನನಗೂ ಗೊತ್ತು. "ಚೌಕದೊಳಗೆ ಬಾಣ ಬಿಡೋಕೂ ಬರಲ್ವಾ ನಿನಗೆ? ಯಾವ ಪುಣ್ಯಾತ್ಮ ಡಿಗ್ರಿ ಕೊಟ್ಟ?" ಎನ್ನುವ ತನಕ ಹೋಗುತ್ತಿತ್ತು. ಬೈಸಿಕೊಂಡವರಿಗೆ ಅದು ನಗುವ ವಿಷಯವೇ ಎಂದು ನಾನು ಯಾವತ್ತೂ ಕೇಳಲಿಲ್ಲ.

ಮ್ಯಾನೇಜರುಗಳು ಬಂದರು, ಹೋದರು. ಒಬ್ಬೊಬ್ಬ ಬಂದಾಗಲೂ ನಾನು ಅದೇ ಚೌಕ, ಅದೇ ಬಾಣ ತೋರಿಸಿ ಮೊದಲಿನಿಂದ ಪುರಾಣ ಹೇಳಬೇಕಿತ್ತು. ತಲೆ ಆಡಿಸುತ್ತಿದ್ದರು. ಅವರಿಗೆ ಅರ್ಥವಾಗುವ ಹೊತ್ತಿಗೆ ಬೇರೆ ಕಂಪನಿಗೆ ಹಾರಿರುತ್ತಿದ್ದರು. ಈಗಿರುವವನು ಐದನೆಯವನು, ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಮಾತು ಬಲು ನಯ. ಆತ ಒಂದು ಬೆಳಿಗ್ಗೆ ನನ್ನನ್ನು ಕರೆದು ಕೂರಿಸಿ, "ಮೇಡಂ, ಈಗ ಬಾಯಲ್ಲಿ ಹೇಳಿದ್ರೆ ಎಐ ಕೋಡ್ ಬರೆದುಕೊಡುತ್ತೆ. ಇನ್ನು ಈ ಬಾಕ್ಸು, ಆ್ಯರೋ ಎಲ್ಲ ಯಾಕೆ?" ಎಂದ.

"ಅದು ಇವತ್ತೊಂದು ಥರ ಬರೆಯುತ್ತೆ, ನಾಳೆ ಒಂದು ಥರ. ನನ್ನದು ನೂರು ಸಲ ಕೇಳಿದರೂ ಒಂದೇ ಥರ ಬರೆಯುತ್ತೆ. ಯಂತ್ರದ ಕೆಳಗೆ ಮನುಷ್ಯರ ಕೈ ಇರುತ್ತೆ ಕಣ್ರೀ, ಅಂದಾಜಿನ ಮೇಲೆ ನಡೆಸೋಕಾಗುತ್ತಾ?" ಎಂದೆ. ದನಿ ಏರಿತ್ತು. ಈ ಮಾತನ್ನು ಎಷ್ಟು ಜಂಭದಿಂದ ಹೇಳಿದೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆತ ಸಿಟ್ಟಾಗಲಿಲ್ಲ. ಒಂದು ಷರತ್ತು ಹಾಕಿದ. ಪೀಣ್ಯದಲ್ಲಿ ನಮ್ಮ ಗಿರಾಕಿಯೊಬ್ಬರ ಸಣ್ಣ ಕಾರ್ಖಾನೆ ಇದೆ. ತಗಡಿನ ಹಾಳೆಯನ್ನು ಒತ್ತಿ ಸ್ವಿಚ್ ಪೆಟ್ಟಿಗೆಯ ಮುಚ್ಚಳ ಮಾಡುವ ಹಳೆಯ ಪ್ರೆಸ್‌ಗಳಿಗೆ ಅವರು ಹೊಸ ನಿಯಂತ್ರಣ ಕೂಡಿಸುತ್ತಿದ್ದರು. ಆ ಪ್ರೋಗ್ರಾಮು ಪೂರ್ತಿಯಾಗಿ ನನ್ನ ಚಿತ್ರದಿಂದಲೇ ಬರಬೇಕು. ಕೈಯಿಂದ ಬರೆದ ಸಾಲು ಒಂದೂ ಇರಬಾರದು. ಮೂರು ತಿಂಗಳು ಹಾಗೆ ನಡೆದು ಗಿರಾಕಿ ಸಹಿ ಹಾಕಿದರೆ ಜನರೇಟರ್ ಉಳಿಯುತ್ತದೆ, ಮಿಕ್ಕ ಪ್ರಾಜೆಕ್ಟುಗಳಿಗೂ ಅದೇ. ಒಂದು ಸಾಲು ಇದ್ದರೂ ಮುಚ್ಚುವುದು, ನನ್ನನ್ನು ಕೈಪಿಡಿ ಬರೆಯುವ ವಿಭಾಗಕ್ಕೆ ಕಳಿಸುವುದು. "ಆಗಬಹುದು" ಎಂದು ಎದ್ದು ಬಂದೆ. ಮಕ್ಕಳಿಲ್ಲದ ನನಗೆ ಹೇಳಿಕೊಳ್ಳಲು ಇದ್ದದ್ದು ಆ ಜನರೇಟರ್ ಒಂದೇ.

ಪೀಣ್ಯದ ಕೆಲಸಕ್ಕೆ ನನ್ನ ಜೊತೆಗಿದ್ದವನು ಹೂಡಿಯವನು. ನಲವತ್ತರ ಆಸುಪಾಸಿನ ಎಂಜಿನಿಯರ್. ಹೂಡಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುರುಳಿ, ರಾಗಿ ಬೆಳೆಯುತ್ತಿದ್ದ ಮನೆತನ. ಈಗ ಆ ಹೊಲದ ಮೇಲೆ ಟೆಕ್ ಪಾರ್ಕ್ ನಿಂತಿದೆ, ಅವನು ಅದರೊಳಗೇ ಬಂದು ಕೀಲಿಮಣೆ ಒತ್ತುತ್ತಾನೆ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ನಾನು ಚಿತ್ರ ಬರೆದು ಕೋಡ್ ತೆಗೆಯುವುದು, ಅವನು ಪೀಣ್ಯಕ್ಕೆ ಹೋಗಿ ಪ್ರೆಸ್‌ಗೆ ಹಾಕಿ ನಡೆಸಿ ನೋಡುವುದು, ಹೀಗೆ ಹಂಚಿಕೊಂಡಿದ್ದೆವು.

ಮೊದಲ ವಾರ ಅವನು ನನ್ನ ಮೇಜಿಗೆ ಬಂದ. "ಮೇಡಂ, ಒಂದ್ ಪ್ರಾಬ್ಲಂ. ಪ್ರೆಸ್ ಇಳೀಬೇಕು ಅಂದ್ರೆ ಎರಡೂ ಕೈಯಲ್ಲಿ ಎರಡು ಗುಂಡಿ ಒತ್ತಬೇಕಲ್ಲ, ಕೈ ಅಡಿಗೆ ಹೋಗದೇ ಇರ್ಲಿ ಅಂತ? ಅಲ್ಲಿ ಟಾರ್ಗೆಟ್ ಜಾಸ್ತಿ. ಒಂದು ಗುಂಡಿಗೆ ರಬ್ಬರ್ ತುರುಕಿಬಿಡ್ತಾರೆ, ಅದು ಒತ್ತಿಕೊಂಡೇ ಇರುತ್ತೆ. ಇನ್ನೊಂದನ್ನ ಮಾತ್ರ ಒತ್ತಿ ಕೆಲಸ ಮಾಡ್ತಾರೆ. ಒಂದು ಕೈ ಫ್ರೀ ಆಗುತ್ತಲ್ಲ, ಬೇಗ ಆಗುತ್ತೆ."

"ರಬ್ಬರ್ ತುರುಕಬೇಡಿ ಅಂತ ಹೇಳು" ಎಂದೆ.

"ಹೇಳಿದ್ರೆ ಕೇಳಲ್ಲ ಮೇಡಂ. ಎರಡೂ ಗುಂಡಿ ಅರ್ಧ ಸೆಕೆಂಡಿನೊಳಗೆ ಜೊತೆಜೊತೆಗೆ ಒತ್ತಿದ್ರೆ ಮಾತ್ರ ಇಳೀಬೇಕು, ಹಂಗೆ ಮಾಡ್ಬೇಕು."

"ಸರಿ, ಚಿತ್ರದಲ್ಲಿ ಬರಿ" ಎಂದು ಕಂಪ್ಯೂಟರಿನ ಕಡೆ ತಿರುಗಿದೆ. ಎರಡು ದಿನ ಬಿಟ್ಟು ಮತ್ತೆ ಬಂದ. "ಮೇಡಂ, ಚಿತ್ರದಲ್ಲಿ ಬರೆಯೋಕಾಗ್ತಿಲ್ಲ. ಈ ಸ್ಥಿತಿಯಿಂದ ಆ ಸ್ಥಿತಿಗೆ ಅಂತ ಬಾಣ ಎಳೀಬಹುದು. ಎಷ್ಟು ಹೊತ್ತಿನಲ್ಲಿ ಅಂತ ಹೇಳೋಕೆ ಜಾಗವೇ ಇಲ್ಲ. ನಾಲ್ಕೈದು ಲೈನು ಕೈಯಲ್ಲಿ..." ಅವನು ಮಾತು ಮುಗಿಸಲಿಲ್ಲ, ನಾನು ಬಿಡಲಿಲ್ಲ. ಕೈಯಲ್ಲಿ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಕೆಂಡ ತುಳಿದವಳ ಹಾಗೆ ಎದ್ದೆ. ಇಡೀ ಆಫೀಸಿಗೆ ಕೇಳುವ ಹಾಗೆ ಬೈದೆ. ನನ್ನ ಬದುಕು ಸೊನ್ನೆ ಸಾಲಿನ ಮೇಲೆ ನಿಂತಿದೆ, ನೀನು ನಾಲ್ಕೈದು ಎನ್ನುತ್ತೀಯಾ, ಯೋಚನೆ ಮಾಡಿ ಬರೆಯಲು ಸೋಮಾರಿತನ ನಿನಗೆ ಎಂದೆಲ್ಲ ಹೇಳಿದೆ. ಅವನ ಮುಖ ಕೆಂಪಾಯಿತು. "ಆಯ್ತು ಮೇಡಂ" ಎಂದು ಹೋದ. ಮೂರನೆಯ ಸಲ ಬರಲಿಲ್ಲ. ಕೆಲವು ದಿನದ ಮೇಲೆ, "ರಬ್ಬರಿನದ್ದು ಏನಾಯ್ತು?" ಎಂದು ನಾನೇ ಕೇಳಿದ್ದಕ್ಕೆ, "ಸರಿ ಹೋಯ್ತು ಮೇಡಂ" ಎಂದ. ಮನಸ್ಸಿಟ್ಟರೆ ಎಲ್ಲ ಆಗುತ್ತದೆ ಎಂದು ಅವನಿಗೆ ಉಪದೇಶ ಬೇರೆ ಮಾಡಿದೆ.

ಎರಡೂವರೆ ತಿಂಗಳು ಹೂವಿನ ಹಾಗೆ ನಡೆಯಿತು. ಪ್ರಾಜೆಕ್ಟಿನ ಕೋಡೆಲ್ಲ ಕೂಡಿಡುವ ನಮ್ಮ ಕಂಪನಿಯ ಭಂಡಾರದಲ್ಲಿ ಕೈಯಿಂದ ಬರೆದ ಸಾಲು ಸೊನ್ನೆ. ಮ್ಯಾನೇಜರ್ ಕಾರಿಡಾರಿನಲ್ಲಿ ಸಿಕ್ಕಾಗ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಕಾರ್ಖಾನೆಯವರು, ಪರದೆಯ ಮೇಲೆ ಬರುವ ಸೂಚನೆಗಳು ಕನ್ನಡದಲ್ಲಿರಲಿ, ಪ್ರೆಸ್ ನಡೆಸುವ ಹೆಂಗಸರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ಕೇಳಿದರು. ನನಗೆ ಖುಷಿಯೋ ಖುಷಿ. ಚಿತ್ರದಲ್ಲಿ ಎರಡು ಚೌಕ ಬದಲಿಸಿ, ಒಂದೇ ಗುಂಡಿ ಒತ್ತಿ ಇಡೀ ಪ್ರೋಗ್ರಾಮನ್ನು ಹೊಸದಾಗಿ ತೆಗೆದು ಕಳಿಸಿದೆ. ಹೂಡಿಯವನು ಆ ವಾರ ತಂಗಿಯ ಮದುವೆಗೆ ರಜೆಯಲ್ಲಿದ್ದ. ಕಾರ್ಖಾನೆಯ ಎಲೆಕ್ಟ್ರಿಷಿಯನ್ನೇ ಪ್ರೆಸ್‌ಗೆ ಹಾಕಿಕೊಂಡ. ನನ್ನ ಜನರೇಟರ್ ಎಂದರೆ ಹೀಗಿರಬೇಕು, ಯಾರೂ ಬೇಕಾಗಿಲ್ಲ ಎಂದು ಬೀಗಿದೆ.

ಆಮೇಲೆ ಒಂದು ವಾರಕ್ಕೆ, ಶುಕ್ರವಾರ, ಸಹಿ ಮಾಡಿಸಿಕೊಳ್ಳಲು ನಾನೇ ಪೀಣ್ಯಕ್ಕೆ ಹೋದೆ. ಸೋಮವಾರ ಮ್ಯಾನೇಜರನ ಮುಂದೆ ಅಂತಿಮ ಸಭೆ ಇತ್ತು. ಸೂಪರ್‌ವೈಸರ್ ಕಾಫಿ ತರಿಸಿದ, ಕಾಗದದ ಮೇಲೆ ಕಣ್ಣಾಡಿಸಿ ಸಹಿ ಹಾಕಿ ಮೊಹರು ಒತ್ತಿದ. ಕಾಗದ ಬ್ಯಾಗಿಗೆ ಹಾಕಿಕೊಂಡೆ. ಹೊರಡುವ ಮುಂಚೆ ಪರದೆಯ ಮೇಲೆ ನನ್ನ ಕನ್ನಡವನ್ನು ಒಮ್ಮೆ ನೋಡೋಣ ಎಂದು ಪ್ರೆಸ್‌ಗಳ ಕಡೆ ಹೋದೆ.

ಮೊದಲ ಪ್ರೆಸ್‌ನಲ್ಲಿ ಕೊಪ್ಪಳದ ಕಡೆಯ ಹೆಂಗಸೊಬ್ಬಳು ಕೆಲಸ ಮಾಡುತ್ತಿದ್ದಳು. ನನ್ನದೇ ವಯಸ್ಸು ಇರಬಹುದು. ಎಡಗೈಯ ನಡುಬೆರಳಿಗೆ ದಪ್ಪ ಬ್ಯಾಂಡೇಜು. ನಾನು ಪರದೆ ನೋಡುವುದನ್ನು ಕಂಡು, "ನೀವೇನ್ರೀ ಅಕ್ಕಾರ ಇದನ್ನ ಮಾಡಿದವ್ರು?" ಎಂದಳು. ಹೌದು, ನಾನೇ ಎಂದೆ. ಹೊಗಳುತ್ತಾಳೆ ಎಂದುಕೊಂಡಿದ್ದೆ.

"ಮೊದಲಿನದ ಚಲೋ ಇತ್ರೀ" ಎಂದಳು. "ಒಂದ್ ಗುಂಡಿಗೆ ರಬ್ಬರ್ ಇಟ್ರ ಮಷೀನ್ ಒಲ್ಲೆ ಅಂತಿತ್ತು. ಎರಡೂ ಕೈ ತಗದು, ಮತ್ತ ಎರಡೂ ಕೂಡೇ ಒತ್ತಿದ್ರಷ್ಟ ಇಳೀತಿತ್ತು. ಹೋದ ವಾರ ಹೊಸಾದ್ ಹಾಕೀರಂತಲ್ರೀ, ಈಗ ರಬ್ಬರ್ ಇಟ್ರೂ ನಡೀತೈತಿ. ಹಿಂದಿನ ಪಾಳಿಯವ್ರು ಎಡಗಡಿ ಗುಂಡಿಗೆ ರಬ್ಬರ್ ಇಟ್ಟು ಹಂಗ ಹೋಗ್ಯಾರ. ನಾ ನೋಡ್ಲಿಲ್ಲ. ಎಡಗೈಲೆ ತಗಡು ಸರಿ ಮಾಡಾಕತ್ತಿದ್ದೆ, ಬಲಗೈ ಈ ಗುಂಡಿಗೆ ತಾಗ್ತು ನೋಡ್ರಿ, ಇಳದೇ ಬಿಡ್ತು. ಪುಣ್ಯಾಕ ಉಗುರಷ್ಟ ಹೋತು."

ದೊಡ್ಡ ಕಾರ್ಖಾನೆಗಳಲ್ಲಿ ಪ್ರೆಸ್‌ನ ಮುಂದೆ ಬೆಳಕಿನ ಪರದೆ ಇರುತ್ತದೆ, ಕೈ ಒಳಗೆ ಹೋದರೆ ಯಂತ್ರ ನಿಲ್ಲುತ್ತದೆ. ಇಲ್ಲಿ ಅದಿಲ್ಲ. ಇಲ್ಲಿ ಇರುವುದು ಆ ಎರಡು ಗುಂಡಿ ಮತ್ತು ನನ್ನ ಪ್ರೋಗ್ರಾಮು, ಅಷ್ಟೇ. ಹಿಂದೆಯೇ ಬಂದಿದ್ದ ಸೂಪರ್‌ವೈಸರ್, "ಅವ್ಳದ್ದೇ ಕೇರ್‌ಲೆಸ್ ಮೇಡಂ, ನೋಡ್ಕೊಂಡು ಮಾಡ್ಬೇಕಪ್ಪ. ನಿಮ್ದೇನೂ ಇಲ್ಲ. ಸೈನ್ ಆಗಿದ್ಯಲ್ಲ, ನೀವ್ ಹೊರಡಿ" ಎಂದ. ನಿಜ ಹೇಳುತ್ತೇನೆ, ಒಂದು ಕ್ಷಣ ಹೊರಡೋಣ ಎನ್ನಿಸಿತು. ಬ್ಯಾಗಿನಲ್ಲಿ ಕಾಗದ ಇತ್ತು. ಆಮೇಲೆ ನನ್ನ ಮೇಲೆಯೇ ಅಸಹ್ಯ ಬಂದು, "ಮೊದಲು ಇವನ್ನೆಲ್ಲ ಆಫ್ ಮಾಡಿಸ್ರೀ!" ಎಂದು ಆ ಮನುಷ್ಯನ ಮೇಲೆ ಕಿರುಚಿದೆ.

ಪ್ರೆಸ್‌ಗಳು ನಿಂತ ಮೇಲೆ ಹೂಡಿಯವನಿಗೆ ಫೋನು ಮಾಡಿದೆ. ರಬ್ಬರಿನ ವಿಷಯ ನೀನು ಚಿತ್ರದಲ್ಲಿ ಎಲ್ಲಿ ಬರೆದಿದ್ದೆ ಎಂದು ಕೇಳಿದೆ.

"ಚಿತ್ರದಲ್ಲಿ ಬರೆದಿರಲಿಲ್ಲ ಮೇಡಂ. ಪೀಣ್ಯದಲ್ಲಿ ಪ್ರೆಸ್‌ನಲ್ಲೇ ಕೂತು ಕೈಯಲ್ಲಿ ಹಾಕಿದ್ದೆ. ಏಳು ಲೈನು. ನಮ್ಮ ಭಂಡಾರಕ್ಕೆ ಹಾಕಲಿಲ್ಲ. ಹಾಕಿದ್ರೆ ನಿಮ್ಮ ಸೊನ್ನೆ ಹೋಗ್ತಿತ್ತು."

"ನನಗೆ ಒಂದು ಮಾತು ಹೇಳಬಾರದಿತ್ತೇನೋ? ನಾನು ಹೊಸ ಕೋಡ್ ಕಳಿಸಿ ಅದನ್ನ ಅಳಿಸಿಬಿಟ್ಟೆನಲ್ಲೋ!"

"ಎರಡು ಸಲ ಬಂದಿದ್ನಲ್ಲ ಮೇಡಂ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಮೂರನೇ ಸಲ ಎಲ್ಲರ ಮುಂದೆ ಬೈಸ್ಕೊಳ್ಳೋಕೆ ಆಗ್ಲಿಲ್ಲ. ರಜೆಯಿಂದ ಬಂದ ಮೇಲೆ ಹೋಗಿ ನೋಡ್ಬೇಕಿತ್ತು, ನೀವು ಹೊಸದು ಕಳಿಸಿದ್ದು ನಂಗೆ ಗೊತ್ತೇ ಆಗ್ಲಿಲ್ಲ. ಲ್ಯಾಪ್‌ಟಾಪಿನಲ್ಲಿ ಆ ಏಳು ಲೈನು ಇದೆ, ಈಗ್ಲೇ ಹೊರಟೆ."

ವೈಟ್‌ಫೀಲ್ಡ್‌ನಿಂದ ಪೀಣ್ಯ ಎಂದರೆ ಊರಿನ ಈ ತುದಿಯಿಂದ ಆ ತುದಿ. ಅವನು ಬರುವ ತನಕ ನಾನೂ ಸುಮ್ಮನೆ ಕೂರಲಿಲ್ಲ. ತಗಡಿನ ರಾಶಿಯ ಪಕ್ಕ ಒಂದು ಪೆಟ್ಟಿಗೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದೆ. ಅರ್ಧ ಸೆಕೆಂಡು ಎಂಬ ಮಾತನ್ನು ನನ್ನ ಚಿತ್ರದೊಳಗೆ ಹೇಗಾದರೂ ತೂರಿಸಬೇಕು. ಹಠ ಹಿಡಿದೆ. ಇನ್ನೊಂದು ಚೌಕ ಹಾಕಿದೆ, ಬಾಣ ತಿರುಗಿಸಿದೆ, ಸುತ್ತಿ ಬಳಸಿ ಎಳೆದೆ. ಬರಲಿಲ್ಲ. ಬರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಚಿತ್ರಭಾಷೆಯನ್ನು ಕಟ್ಟಿದವಳು ನಾನು. ನನ್ನ ಪಿಎಚ್‌ಡಿ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ, ಕಾಲದ ಅಳತೆಯನ್ನು ಮುಂದಿನ ಸಂಶೋಧನೆಗೆ ಬಿಡಲಾಗಿದೆ ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡಿದ್ದೆ. ಎಲ್ಲರೂ ಹಾಗೆ ಬರೆಯುತ್ತಾರೆ. ಆ ಮುಂದಿನ ಸಂಶೋಧನೆಯನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ಮಾಡಲಿಲ್ಲ. ಬೇರೆಯವರ ಒಂದೊಂದು ಸಾಲಿಗೂ ಅಟ್ಟಿಸಿಕೊಂಡು ಹೋಗಿ ಬೈಯುವುದರಲ್ಲೇ ಹೊತ್ತು ಕಳೆದೆ. ಈಗ ಅದನ್ನು ಸೇರಿಸಬೇಕೆಂದರೆ ಜನರೇಟರನ್ನೇ ಬಿಚ್ಚಿ ಕಟ್ಟಬೇಕು, ವರ್ಷ ಬೇಕು. ನನ್ನ ಬಳಿ ಇದ್ದದ್ದು ಶನಿವಾರ, ಭಾನುವಾರ. ಅಳು ಬಂತು. ಪ್ರೆಸ್ ನಿಂತದ್ದರಿಂದ ಸುಮ್ಮನೆ ಕೂತಿದ್ದ ಹೆಂಗಸರು ನನ್ನನ್ನೇ ನೋಡುತ್ತಿದ್ದರು, ಆದ್ದರಿಂದ ನುಂಗಿಕೊಂಡೆ.

ಹೂಡಿಯವನು ಬಂದಾಗ ಊಟದ ಹೊತ್ತು ಮೀರಿತ್ತು. ನನ್ನ ಮುಖ ನೋಡಿದವನೇ ಏನೂ ಕೇಳದೆ ಮೊದಲ ಪ್ರೆಸ್‌ಗೆ ಕೇಬಲ್ ಚುಚ್ಚಿದ. ಏಳು ಸಾಲನ್ನು ನಾನೂ ಪಕ್ಕದಲ್ಲಿ ನಿಂತು ಓದಿದೆ. ಒಳ್ಳೆಯ ಕೋಡ್. ನನ್ನ ಜನರೇಟರ್ ಬರೆಯುವುದಕ್ಕಿಂತ ಚೊಕ್ಕಟವಾಗಿತ್ತು ಎಂದು ಅವನಿಗೆ ಹೇಳಿದೆ. ಅವನು ನಂಬಲಿಲ್ಲವೇನೋ, ಸುಮ್ಮನೆ ತಲೆ ತಗ್ಗಿಸಿದ. "ತಪ್ಪು ನಂದು ಕಣೋ" ಎಂದೆ. ಅದನ್ನು ಹೇಳಲು ನನಗೆ ಎಷ್ಟು ಕಷ್ಟವಾಯಿತು ಎಂದು ನನಗೇ ಗೊತ್ತು. ಒಂದು ಗುಂಡಿಗೆ ರಬ್ಬರ್ ತುರುಕಿ ಇನ್ನೊಂದನ್ನು ಒತ್ತಿ ನೋಡಿದೆವು, ಪ್ರೆಸ್ ಕದಲಲಿಲ್ಲ. ಹತ್ತು ಸಲ ನೋಡಿದೆವು. ಕೊಪ್ಪಳದವಳು ಎದ್ದು ಬಂದು ತಾನೂ ಹತ್ತು ಸಲ ಒತ್ತಿ ನೋಡಿದಳು. ನಮ್ಮ ಮಾತಿನ ಮೇಲೆ ಅವಳಿಗೆ ಭರವಸೆ ಇರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದಳು. "ಅಕ್ಕಾರ, ಒಂದ್ ಮಾತ್ ಕೇಳ್ಲೇನ್ರೀ? ಮುಂದ ಮತ್ತ ಹೊಸಾದ್ ಹಾಕ್ತೀವಂತ ಬಂದು ಇದನ್ನ ಅಳಸಂಗಿಲ್ಲ ಹೌದಲ್ರೀ?"

ಹೂಡಿಯವನ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಅವಳಿಗೆ ತಿಳಿಯದ್ದು ಅವನಿಗೆ ತಿಳಿದಿತ್ತು. ಅಳಿಸುವುದಿಲ್ಲ ಎಂದು ನಾನು ಮಾತು ಕೊಟ್ಟರೆ, ಆ ಪ್ರೆಸ್‌ಗಳಿಗೆ ಇನ್ನೆಂದೂ ಚಿತ್ರದಿಂದ ಕೋಡ್ ತೆಗೆಯುವ ಹಾಗಿಲ್ಲ. ಇನ್ನು ಮೇಲೆ ಕೈಯಿಂದ ಬರೆದದ್ದೇ ಅಸಲು. ಸೋಮವಾರ ಮ್ಯಾನೇಜರನ ಮುಂದೆ ಸೊನ್ನೆ ಸಾಲು ಎಂದು ನಾನು ಹೇಳುವ ಹಾಗಿಲ್ಲ, ಜನರೇಟರ್ ಮುಚ್ಚಿದ ಹಾಗೆಯೇ.

"ಇಲ್ಲಮ್ಮ, ಅಳಿಸಲ್ಲ" ಎಂದೆ.

"ಆತು ತಗೋರಿ" ಎಂದು ಅವಳು ಸ್ಟೂಲು ಎಳೆದುಕೊಂಡು, ಬ್ಯಾಂಡೇಜಿನ ಮೇಲೇ ಕೈಗವಸು ಹಾಕಿಕೊಂಡು ಮುಂದಿನ ತಗಡಿಗೆ ಕೈ ಚಾಚಿದಳು.